ಹೆಣವಿಲ್ಲದ ಅಳು

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯಲ್ಲಿ ನಾಲೆ ದಾಟಿ ಎಡಕ್ಕೆ ಹೊರಳಿದರೆ ನಮ್ಮ ಕೊಪ್ಪಲು. ನೂರಿಪ್ಪತ್ತು ಒಕ್ಕಲು. ಇಲ್ಲಿ ಯಾರು ಕಣ್ಣು ಮುಚ್ಚಿದರೂ ಸುದ್ದಿ ಮೊದಲು ಹೋಗುತ್ತಿದ್ದದ್ದು ನೆಂಟರ ಮನೆಗಲ್ಲ, ಮುತ್ತಮ್ಮನ ಮನೆಗೆ. ಹಾಲು ಕರೆಯುತ್ತಿದ್ದರೆ ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಸೆರಗು ಬಿಗಿದು ಬಂದು ಹೆಣದ ಕಾಲ ಬಳಿ ಕೂರುತ್ತಿದ್ದಳು. ಒಂದು ಗಳಿಗೆ ಸುಮ್ಮನೆ ಸತ್ತವರ ಮುಖ ನೋಡುತ್ತಿದ್ದಳು. ಆಮೇಲೆ ಬಾಯಿ ತೆಗೆದಳೆಂದರೆ, ಅಲ್ಲಿಯವರೆಗೆ ಕಲ್ಲುಗಂಬದ ಹಾಗೆ ನಿಂತಿದ್ದ ಗಂಡಸರೂ ಗೋಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ನಮ್ಮ ಸೀಮೆಯಲ್ಲಿ ಇದನ್ನು ಹಾಡಿಕೊಂಡು ಅಳುವುದು ಎನ್ನುತ್ತಾರೆ. ಎಲ್ಲ ಹೆಂಗಸರೂ ಒಂದಿಷ್ಟು ಅಳುತ್ತಾರೆ, ಆದರೆ ಮುತ್ತಮ್ಮನದು ಬೇರೆ. ಸತ್ತವರು ಏನು ಉಂಡರು, ಏನು ನೆಟ್ಟರು, ಯಾರನ್ನು ಬೈದರು ಎಂಬುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ರಸ್ತೆ ಬದಿಗೆ ಸಾಲು ಹೊಂಗೆ ಹಾಕಿದ ನಮ್ಮ ಚಿಕ್ಕಯ್ಯ ತೀರಿಕೊಂಡಾಗ ಅವಳು ಅತ್ತದ್ದು ನನಗೆ ಇವತ್ತಿಗೂ ಬಾಯಿಪಾಠ: "ಒಂಗೆ ನೆಟ್ಟೋನೇ ನನ್ನಣ್ಣ, ನೆಳ್ಳಲ್ ಕುಂತ್ಕಳ್ದೆ ಒಂಟಲ್ಲೋ ನನ್ನಣ್ಣ. ಅಳೇ ಪಂಚೆ ಸಾಕು ಅಂತಿದ್ದೋನೇ, ಒಸಾ ಬಟ್ಟೆ ಒದ್ದಿಸ್ದೇಟ್ಗೆ ಸುಮ್ಕಾಗ್ಬುಟ್ಟಲ್ಲೋ ನನ್ನಣ್ಣ." ಜಿಪುಣರು ಸತ್ತರೆ ಆ ಜಿಪುಣತನವನ್ನೂ ಬಿಡುತ್ತಿರಲಿಲ್ಲ. ಮಜ್ಜಿಗೆ ಕೇಳಿದವರಿಗೆ ಬಾವಿ ತೋರಿಸಿದವಳೇ ಎಂದು ಒಬ್ಬಾಕೆಯ ಹೆಣದ ಮುಂದೆ ಅತ್ತಾಗ ಸತ್ತವಳ ಸೊಸೆಯರು ಅಳುತ್ತಲೇ ನಕ್ಕಿದ್ದರು. ಸತ್ತವರನ್ನು ಬೈಯುವ ಹಕ್ಕು ಊರಿನಲ್ಲಿ ಅವಳೊಬ್ಬಳಿಗೇ ಇತ್ತು.

ಈ ಕೆಲಸಕ್ಕೆ ಅವಳು ಯಾರಿಂದಲೂ ಒಂದು ಹಿಡಿ ಅಕ್ಕಿ ಮುಟ್ಟಿದವಳಲ್ಲ. ನಾಗಮಂಗಲದ ಕಡೆಯಿಂದ ಹದಿನಾರಕ್ಕೆ ಮದುವೆಯಾಗಿ ಬಂದಳು. ಅತ್ತೆಯ ಪಕ್ಕದಲ್ಲಿ ಕೂತು ಅಳು ಕಲಿತಳು. ಗಂಡ ಚಿಕ್ಕಸಿದ್ದಯ್ಯ ಮೂವತ್ತೈದಕ್ಕೇ ಹಾವು ಕಚ್ಚಿ ಸತ್ತಾಗ ಅವನಿಗೂ ತಾನೇ ಅತ್ತಳು. ಅತ್ತೆ ಹೇಳಿಕೊಟ್ಟ ಕಟ್ಟಳೆಗಳನ್ನು ಒಂದನ್ನೂ ಮುರಿದಿರಲಿಲ್ಲ. ಅಳುವ ಮುಂಚೆ ಉಣ್ಣಬಾರದು. ಚಟ್ಟ ಎತ್ತಿದ ಮೇಲೆ ಒಂದು ಸೊಲ್ಲೂ ಹೆಚ್ಚು ಅಳಬಾರದು. ಎಲ್ಲಕ್ಕಿಂತ ದೊಡ್ಡದು, ಹೆಣವಿಲ್ಲದೆ ಹಾಡಿಕೊಂಡು ಅಳಬಾರದು. ಅತ್ತರೆ ಆ ಅಳು ತನಗೊಂದು ಹೆಣ ಹುಡುಕಿಕೊಂಡು ಹೋಗುತ್ತದೆ. ಒಮ್ಮೆ ಮೈಸೂರಿನಿಂದ ಓದಿದವರೊಬ್ಬರು ಟೇಪು ಹಿಡಿದುಕೊಂಡು ಬಂದು, ಒಂದೆರಡು ಅಳುವ ಹಾಡು ಹೇಳಿ ಎಂದು ಕೇಳಿದ್ದರು. ಅವಳು ರಾಗಿ ಬೀಸುತ್ತಿದ್ದಳು. ತಲೆ ಎತ್ತದೆ, ಯಾರಾದರೂ ಸತ್ತಾಗ ಬನ್ನಿ, ಇವತ್ತು ಎಲ್ಲರೂ ಚೆನ್ನಾಗಿದ್ದಾರೆ ಎಂದು ಕಳಿಸಿದಳು.

ಇಂಥ ಹೆಂಗಸಿನ ಮನೆಗೆ ಟೀವಿಯ ಅಳು ಬಂದು ವಕ್ಕರಿಸಿತು.

ಯಾವ ಕಾರ್ಯಕ್ರಮ ಎಂದು ಹೆಸರು ಹೇಳಿ ನನ್ನ ಬರವಣಿಗೆ ಹೊಲಸು ಮಾಡಿಕೊಳ್ಳಲಾರೆ. ಹಾಡಿನ ಸ್ಪರ್ಧೆಯಂತೆ. ಶನಿವಾರ, ಭಾನುವಾರ ಸಂಜೆ ಏಳಕ್ಕೆ ಶುರುವಾದರೆ ಊರಿನಲ್ಲಿ ನಾಯಿಯೂ ಬೀದಿಯಲ್ಲಿ ಇರುವುದಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಓದಿದ್ದೆಲ್ಲ ಪಂಚಾಯಿತಿ ಲೈಬ್ರರಿಯ ಮುರುಕು ಬೆಂಚಿನ ಮೇಲೆ. ಯಾವುದನ್ನೂ ತಿಳಿಯದೆ ಬೈಯಬಾರದು ಎಂಬುದು ನಾನು ನನಗೇ ಹೇಳಿಕೊಂಡ ಪಾಠ. ಆದ್ದರಿಂದ ಐದು ಸಂಜೆ ಗಡಿಯಾರ ಮುಂದಿಟ್ಟುಕೊಂಡು ಕೂತು ನೋಡಿದೆ. ಹಾಡು ಮೂರು ನಿಮಿಷ. ಅಳು ಹದಿನೈದು ನಿಮಿಷ. ಹಾಡುವ ಮಗುವಿನ ಮನೆಯಲ್ಲಿ ಯಾರು ಸತ್ತರು, ಯಾರು ಬಿದ್ದರು, ಯಾರ ಮನೆ ಸೋರುತ್ತದೆ ಎಂದು ತೋರಿಸುತ್ತಾರೆ. ಕುರ್ಚಿಯ ಮೇಲೆ ಕೂತ ತೀರ್ಪಿನವರು ಕಣ್ಣೊರೆಸಿಕೊಳ್ಳುತ್ತಾರೆ. ಅದನ್ನು ನೋಡಿ ಮಗುವಿನ ತಾಯಿ ಅಳುತ್ತಾಳೆ, ತಾಯಿಯನ್ನು ನೋಡಿ ನಿರೂಪಕಿ ಅಳುತ್ತಾಳೆ. ಅಷ್ಟರಲ್ಲಿ ಬಟ್ಟೆ ಸೋಪಿನ ಜಾಹೀರಾತು. ಅದು ಮುಗಿದ ಮೇಲೆ ಅದೇ ಹನಿ ಅದೇ ಕೆನ್ನೆಯ ಮೇಲೆ ಇನ್ನೊಮ್ಮೆ ಇಳಿಯುತ್ತದೆ, ಈ ಸಲ ನಿಧಾನವಾಗಿ. ಗಾಣಕ್ಕೆ ಕೊಟ್ಟ ಕಬ್ಬಿನ ಸಿಪ್ಪೆಯನ್ನು ಮತ್ತೆ ಮತ್ತೆ ಗಾಣಕ್ಕೆ ಕೊಟ್ಟು, ಬಂದದ್ದನ್ನು ಹಾಲು ಎಂದು ಕುಡಿಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಐದನೆಯ ಸಂಜೆ ಎದ್ದು ಹೊರಗೆ ಹೋಗಿ ಉಗಿದು ಬಂದೆ.

ಇದರಲ್ಲಿ ಏನು ರುಚಿ ಎಂದು ಬಸ್ ಸ್ಟಾಪಿನ ಅಂಗಡಿಯ ಕುಳ್ಳಯ್ಯನನ್ನು ಕೇಳಿದೆ. ಒಂದು ವಾರವೂ ತಪ್ಪಿಸದೆ ನೋಡುವವನು ಅವನು. ಕಣ್ಣೀರು ಬಂದರೆ ಮನಸ್ಸು ಹಗುರವಾಗುತ್ತದೆ ಎಂದ. ಇವನ ಹೆತ್ತ ತಾಯಿ ಸತ್ತ ದಿನ ನಾನು ಅಲ್ಲಿದ್ದೆ. ಒಂದು ಹನಿ ಉದುರಿಸದೆ, ಸಾಮಾನಿನ ಗಾಡಿ ಬರುತ್ತದೆಂದು ಬೇಗ ಬೇಗ ಮಣ್ಣು ಹಾಕಿಸಿದ ಪುಣ್ಯಾತ್ಮ.

ಮುತ್ತಮ್ಮ ಮೊದಲ ಸಲ ಆ ಕಾರ್ಯಕ್ರಮ ನೋಡಿದಾಗ ನಾನು ಅವಳ ಮನೆಯ ಜಗಲಿಯಲ್ಲಿದ್ದೆ. ಮಗಳು ಸುಧ ಶ್ರೀರಂಗಪಟ್ಟಣದ ಹತ್ತಿರ ಗಾರ್ಮೆಂಟ್ಸಿಗೆ ಹೋಗುವವಳು, ಆ ಸಂಬಳದಲ್ಲೇ ಟೀವಿ ತಂದಿದ್ದಳು. ಮೊಮ್ಮಗಳು ಸ್ನೇಹ ಪಾಂಡವಪುರದ ಕಾಲೇಜಿನಲ್ಲಿ ಓದುತ್ತಿದ್ದಳು, ಬಾಯಿ ತುಂಬ ಹಾಡುತ್ತಿದ್ದಳು. ತಾಯಿ ಮಗಳು ಇಬ್ಬರೂ ಮೂಗು ಸೇದುತ್ತ ಕೂತಿದ್ದನ್ನು ಕಂಡು ಮುತ್ತಮ್ಮ ಗಾಬರಿಯಾಗಿ ಒಳಗೆ ಓಡಿದಳು.

"ಯಾರವ್ವ ಸತ್ತೋಗಿರಾದು?"

"ಯಾರೂ ಸತ್ತಿಲ್ಲ ಕಣಜ್ಜಿ. ಅವ್ರು ಗೆದ್ದವ್ರೆ."

"ಗೆದ್ಬುಟ್ಟು ಯಾಕಳ್ತಾವ್ರೆ?"

ಸಂತೋಷಕ್ಕೆ ಎಂದಳು ಸ್ನೇಹ. ಮುತ್ತಮ್ಮ ಸ್ವಲ್ಪ ಹೊತ್ತು ನಿಂತು ನೋಡಿದಳು. ಅಲ್ಲಿ ಅಳುವವರು ಯಾರೂ ಯಾರ ಹೆಸರನ್ನೂ ಹಿಡಿದು ಅಳುತ್ತಿಲ್ಲ, ಬರೀ ಮೂತಿ ಸೊಟ್ಟ ಮಾಡುತ್ತಿದ್ದಾರೆ ಎಂದು ಹೊರಗೆ ಬಂದು ನನಗೆ ಹೇಳಿದಳು. ವಾರವಾರವೂ ಹೆಣವಿಲ್ಲದೆ ಇಷ್ಟು ಅತ್ತರೆ ಈ ಊರಿಗೆ ಒಳ್ಳೆಯದಾಗುತ್ತದೆಯೇ ಎಂದು ಅವಳಿಗೆ ನಿಜವಾಗಿ ಭಯವಾಗಿತ್ತು.

ಮುಂದಿನ ವರ್ಷ ಸ್ನೇಹ ಅದೇ ಸ್ಪರ್ಧೆಗೆ ಆಯ್ಕೆಯಾದಳು. ಊರಿಗೆ ಊರೇ ಕುಣಿಯಿತು. ಮುತ್ತಮ್ಮನೂ ಬೆಲ್ಲ ಹಂಚಿದಳು. ಮಗು ಹಾಡುತ್ತದೆ ಎಂಬ ಸಂತೋಷ ಅವಳಿಗೂ ಇತ್ತು. ಆಷಾಢದ ಒಂದು ಬೆಳಿಗ್ಗೆ ಕ್ಯಾಮೆರಾ ಹೊತ್ತುಕೊಂಡು ಟೀವಿಯವರ ವ್ಯಾನು ಬಂತು. ಸ್ನೇಹಳ ಮನೆ, ಕಷ್ಟ ಸುಖ ಎಲ್ಲ ಚಿತ್ರೀಕರಿಸಬೇಕಂತೆ. ಮುಂಚೂಣಿಯಲ್ಲಿದ್ದವನು ಚೆಡ್ಡಿ ಹಾಕಿದ, ಗಡ್ಡ ಬಿಟ್ಟ ಹುಡುಗ. ಎಲ್ಲರನ್ನೂ ಅಮ್ಮ, ಅಪ್ಪಾಜಿ ಎಂದು ಕರೆಯುವ ನಯವಂತ. ಟೈಲ್ಸ್ ಹಾಕಿದ ನಡುಮನೆ ಅವನಿಗೆ ಹಿಡಿಸಲಿಲ್ಲ. ಫ್ರಿಜ್ಜಿನ ಮೇಲೆ ಕಂಬಳಿ ಹೊದಿಸಿ, ಎಲ್ಲರನ್ನೂ ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋದ. ಆಮೇಲೆ ಮುತ್ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಜ್ಜಿ, ನಿಮ್ಮ ಅಳಿಯ ತೀರಿಕೊಂಡ ದಿನ ಹೆಂಗೆ ಹಾಡ್ಕೊಂಡು ಅತ್ರೋ, ಹಂಗೇ ಒಂದು ಸ್ವಲ್ಪ ಅಳಬೇಕು. ನಿಮ್ಮ ಥರ ಅಳೋರು ಏಳೂರಲ್ಲಿ ಇಲ್ಲ ಅಂತ ಸ್ನೇಹ ಹೇಳಿದಾಳೆ."

ಮುತ್ತಮ್ಮ ಸ್ನೇಹಳ ಮುಖ ನೋಡಿದಳು. ಹುಡುಗಿ ತಲೆ ತಗ್ಗಿಸಿದಳು.

"ನಂಗಿರಾದು ಒಬ್ನೇ ಅಳಿಯ ಕಣಪ್ಪ," ಎಂದಳು ಮುತ್ತಮ್ಮ. "ಅವ್ನು ಕನ್ನಂಬಾಡಿ ಕಟ್ಟೆ ತಾವ ಮೀನು ಉರೀತಾವ್ನೆ."

ಅದು ನಿಜ. ಸುಧಳ ಗಂಡ ತಿಮ್ಮೇಶ ಜಗಳವಾಡಿಕೊಂಡು ಮನೆ ಬಿಟ್ಟು ಹೋಗಿ ಆರು ವರ್ಷವಾಗಿತ್ತು. ಕೆ.ಆರ್.ಎಸ್. ಬಸ್ ನಿಲ್ದಾಣದ ಪಕ್ಕ ಗಾಡಿ ಇಟ್ಟುಕೊಂಡು ಮೀನು ಹುರಿದು ಮಾರುತ್ತಿದ್ದ. ನಮ್ಮೂರಿನ ಅರ್ಧ ಜನ ಅವನ ಗಾಡಿಯಲ್ಲಿ ತಿಂದವರೇ. ಹೆಂಡತಿ ಮಕ್ಕಳ ಯೋಚನೆ ಅವನಿಗಿರಲಿಲ್ಲ ಅಷ್ಟೇ, ಉಸಿರಂತೂ ಗಟ್ಟಿಯಾಗಿತ್ತು.

ಗಡ್ಡದ ಹುಡುಗನಿಗೆ ಇದರಿಂದ ಏನೂ ಅನ್ನಿಸಲಿಲ್ಲ. ಬಿಟ್ಟುಹೋದರು ಎಂದರೆ ನೋಡುವವರು ಬೈಯುತ್ತಾರೆ, ತೀರಿಕೊಂಡರು ಎಂದರೆ ಅಳುತ್ತಾರೆ, ಅಷ್ಟೇ ವ್ಯತ್ಯಾಸ ಎಂದು ಗೊಬ್ಬರದ ಲೆಕ್ಕ ಹೇಳುವವನ ಹಾಗೆ ವಿವರಿಸಿದ. ಸ್ನೇಹ ಅಜ್ಜಿಯನ್ನು ಹುಲ್ಲಿನ ಬಣವೆಯ ಮರೆಗೆ ಎಳೆದುಕೊಂಡು ಹೋದಳು. ನಾನು ಪಕ್ಕದ ಕಲ್ಲಿನ ಮೇಲೇ ಕೂತಿದ್ದೆ. ನನ್ನನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಒಂದೈದ್ ನಿಮ್ಸ ಕಣಜ್ಜಿ. ಮೈಸೂರ್ ಆಡಿಷನ್ನಲ್ಲಿ ನನ್ ಮುಂದೆ ನಿಂತಿದ್ ಉಡ್ಗೀಗೆ ಅಪ್ಪ ಸತ್ತೋಗಿದ್ರು. ಅವ್ಳು ಅರ್ಧ ಆಡೋ ಒತ್ಗೇ ತಗಂಬುಟ್ರು. ನಂಗೂ ಮನೇಲಿ ಏನ್ ಕಷ್ಟ ಅಂತ ಕೇಳುದ್ರು. ನಂಗೂ ಅಪ್ಪ ಇಲ್ಲ ಅಂತ ಬಾಯ್ಗೆ ಬಂದ್ಬುಡ್ತು."

"ನೀನು ಆಡವ್ವ. ನೀನ್ ಆಡುದ್ರೆ ಈ ವಯಸ್ನಲ್ಲಿ ನಾನು ಬೇಕಾರೆ ಕುಣೀತೀನಿ. ಅಳು ಮಾತ್ರ ಕೇಳ್ಬ್ಯಾಡ. ಅಳೋವಾಗ ಎಸ್ರಿಡ್ದು ಕರೀಬೇಕು ಕಣೆ. ಬದ್ಕಿರೋನ್ನ ಎಂಗೆ ಕರೀಲಿ?"

ಸ್ನೇಹ ಮತ್ತೆ ಕೇಳಲಿಲ್ಲ. ಮುತ್ತಮ್ಮ ಬಂದು ಆಗುವುದಿಲ್ಲ ಎಂದು ಹೇಳಿ, ಹಸುವಿಗೆ ಹುಲ್ಲು ಹಾಕಲು ಹೋದಳು. ಹುಡುಗ ಬೇಸರ ತೋರಿಸದೆ, ಹಾಗಾದರೆ ಸುಧಮ್ಮನದು ಮುಗಿಸೋಣ ಎಂದ. ಆಗ ನಡೆದದ್ದನ್ನು ಬರೆಯಲು ನನಗೆ ಈಗಲೂ ಹೇಸಿಗೆ.

ಮುಖಕ್ಕೆ ಬಣ್ಣ ಹಚ್ಚುವ ಹುಡುಗಿ ಒಂದು ಒದ್ದೆ ಕಾಗದ ತೆಗೆದು ಸುಧಳ ಹಣೆಯ ಕುಂಕುಮ ಒರೆಸಿದಳು. ಗಂಡ ತಿರುಗಿ ನೋಡದಿದ್ದರೂ ಆರು ವರ್ಷ ಒಂದು ದಿನ ತಪ್ಪಿಸದೆ ಇಟ್ಟುಕೊಂಡ ಕುಂಕುಮ. ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಬಿಚ್ಚಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಮುಗಿದ ಮೇಲೆ ವಾಪಸ್ ಹಾಕಿಕೊಳ್ಳಿ ಆಂಟಿ ಎಂದಳು. ಸುಧ ಮಗಳ ಮುಖ ನೋಡಿಕೊಂಡು ಕೈ ಚಾಚಿದ್ದಳು. ಹುಲ್ಲು ಹಾಕಿ ತಿರುಗಿದ ಮುತ್ತಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಮಗಳ ಬೋಳು ಹಣೆ. ಅವಳು ಹಸು ಕಟ್ಟುವ ಗೊಂತಿಗೆ ಒರಗಿ ಕುಸಿದು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಣ್ಣಿನಿಂದ ನೀರು ಸುರಿಯಿತು. ಕ್ಯಾಮೆರಾ ಹಿಡಿದವನು ತಟ್ಟನೆ ಅತ್ತ ತಿರುಗಿದ. ಗಡ್ಡದವನು ಯಾರೂ ಅಲುಗಬೇಡಿ ಎಂದು ಕೈಸನ್ನೆ ಮಾಡಿದ, ಗುಬ್ಬಚ್ಚಿಗೆ ಬಲೆ ಒಡ್ಡಿದವನ ಹಾಗೆ.

ಅವರು ಹೋದ ಮೇಲೆ ಮುತ್ತಮ್ಮ ನನ್ನ ಹತ್ತಿರ ಬಂದು ಕೂತಳು.

"ಎಣ ಇಲ್ದೆ ಅತ್ಬುಟ್ಟೆ ಕಣಣ್ಣಯ್ಯ," ಎಂದಳು. "ಬಾಯಿ ಮಾತ್ ಕೇಳ್ತು. ಕಣ್ಣು ಕೇಳ್ಲಿಲ್ಲ."

ಎರಡು ವಾರದ ಮೇಲೆ ಶನಿವಾರ ಸಂಜೆ ಡೈರಿ ಮುಂದೆ ದೊಡ್ಡ ಟೀವಿ ಕಟ್ಟಿದರು. ಕೂರಲು ಜಾಗವಿಲ್ಲ. ಸ್ನೇಹ ಚೆನ್ನಾಗಿಯೇ ಹಾಡಿದಳು, ಅದು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರೂ ಕಾಯುತ್ತಿದ್ದದ್ದು ನಂತರ ಬರುವುದಕ್ಕೆ. ಅದು ಬಂತು. ಕೊಟ್ಟಿಗೆ, ಬೋಳು ಹಣೆಯ ಸುಧ, ಗೊಂತಿಗೆ ಒರಗಿದ ಮುತ್ತಮ್ಮ. ಮುತ್ತಮ್ಮನ ಸೆರಗು ಬಾಯಲ್ಲಿತ್ತಲ್ಲ, ಅದರ ಮೇಲೆ ಯಾವಳದೋ ಅಳು ತಂದು ಅಂಟಿಸಿದ್ದರು. ಅಳಿಯಾ, ಅಳಿಯಾ ಎಂದು ರಾಗ ಎಳೆಯುವ ಅಳು. ಅದರಲ್ಲಿ ಅಳಿಯ ಏನು ಉಂಡ, ಏನು ನೆಟ್ಟ ಒಂದೂ ಇಲ್ಲ. ತೀರ್ಪಿನವರು ಎದ್ದು ನಿಂತು ಕೈಮುಗಿದರು. ನಮ್ಮ ಜನ ಬಿಕ್ಕಿ ಬಿಕ್ಕಿ ಅತ್ತರು. ನನ್ನ ಪಕ್ಕದಲ್ಲಿ ಕುಳ್ಳಯ್ಯ ಟವಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಆ ದಿನ ಬೆಳಿಗ್ಗೆ ಅವನು ಸಾಮಾನು ತರಲು ಹೋಗಿ ತಿಮ್ಮೇಶನ ಗಾಡಿಯಲ್ಲಿ ಎರಡು ತುಂಡು ಮೀನು ತಿಂದು ಬಂದಿದ್ದ. ಅದನ್ನು ನನಗೆ ಹೇಳಿದವನೂ ಅವನೇ. ಲೇ, ಅವನು ಬದುಕಿದ್ದಾನಲ್ಲೋ ಎಂದೆ.

"ಅದ್ ಬ್ಯಾರೆ ಇದ್ ಬ್ಯಾರೆ ಕಣಣ್ಣ," ಎಂದ ಕುಳ್ಳಯ್ಯ. "ಇಲ್ಲಿ ಸತ್ತವ್ನೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನನ್ನಾದರೂ ಕ್ಷಮಿಸಬಹುದು, ಪಾಪ ಅವನು ಎತ್ತನ್ನು ನೋಡಿರಲಿಲ್ಲ. ಇವರು ಎತ್ತನ್ನು ಕಣ್ಣಾರೆ ಕಂಡು, ಮೈ ಸವರಿ ಬಂದು, ಕರುವಿಗೆ ಹೆಸರಿಡಲು ಕೂತ ಜನ. ಮುತ್ತಮ್ಮ ಅಲ್ಲಿಗೆ ಬಂದಿರಲಿಲ್ಲ. ಆದರೆ ಆ ಅಂಟಿಸಿದ ಅಳು ಡೈರಿಯಿಂದ ಅವಳ ಮನೆಯವರೆಗೂ ಕೇಳಿಸಿತಂತೆ.

ಸೋಮವಾರ ತಿಮ್ಮೇಶನೇ ಬಂದ, ಕೈಯಲ್ಲೊಂದು ಮೀನಿನ ಪೊಟ್ಟಣ. ನಾನು ಕೂತಿದ್ದ ಮುತ್ತಮ್ಮನ ಜಗಲಿಯ ಕೆಳಗೆ ನಿಂತ. ಅವನು ರೇಗಾಡುತ್ತಾನೆ, ನನ್ನನ್ನು ಕೊಂದವರು ಯಾರು ಎಂದು ಕೇಳುತ್ತಾನೆ ಎಂದುಕೊಂಡೆ. ಹಾಗೆ ಕೇಳಿದ್ದರೆ ಅವನ ಮೇಲೆ ನನಗೆ ಒಂದಿಷ್ಟು ಗೌರವ ಬರುತ್ತಿತ್ತು.

"ನಾನೂ ನೋಡ್ದೆ ಅತ್ಯಮ್ಮ," ಎಂದ ತಿಮ್ಮೇಶ. "ಬಾಳ ಚೆನ್ನಾಗಿತ್ತು. ನಂಗೂ ಅಳು ತಡ್ಯಕ್ಕಾಗ್ಲಿಲ್ಲ."

ಗಾಡಿಗೆ ಜನ ಹೆಚ್ಚಾಗಿದ್ದಾರೆ, ಟೀವಿಯಲ್ಲಿ ಸತ್ತವನ ಕೈಯ ಮೀನು ಎಂದು ಫೋಟೋ ಹಿಡಿದುಕೊಳ್ಳುತ್ತಿದ್ದಾರೆ ಎಂದೂ ಹೇಳಿದ. ಮಗಳು ಗೆದ್ದರೆ ಸಾಕು, ತಾನು ಸತ್ತದ್ದಕ್ಕೆ ಬೇಜಾರಿಲ್ಲ ಎಂದ. ಸುಧ ಒಳಗಿನಿಂದ ಬಂದು, ಮತ್ತೆ ಇಟ್ಟುಕೊಂಡಿದ್ದ ಕುಂಕುಮದ ಹಣೆಯಲ್ಲೇ ಬಾಗಿಲಿಗೆ ಒರಗಿ ನಿಂತಳು. ಅವನು ಅವಳ ಮುಖ ನೋಡಲಿಲ್ಲ.

"ಥೂ ನಿನ್ನ," ಎಂದಳು ಮುತ್ತಮ್ಮ. "ಮದ್ವೆ ಆದೋಳು ಆರೊರ್ಸ ಅತ್ತಾಗ ನಿನ್ ಕಣ್ಣಲ್ಲಿ ನೀರ್ ಬರ್ಲಿಲ್ಲ. ನಿನ್ ತಿಥೀಗ್ ನೀನೇ ಕುಂತ್ಕಂಡು ಅತ್ಯಲ್ಲಾ."

ಮೀನಿನ ಪೊಟ್ಟಣವನ್ನು ಅವಳು ಮುಟ್ಟಲಿಲ್ಲ. ಅವನು ಅದನ್ನು ಕಲ್ಲಿನ ಮೇಲಿಟ್ಟು ಹೋದ, ಬೆಕ್ಕು ತಿಂದಿತು.

ಸ್ನೇಹ ಸ್ಪರ್ಧೆಯಲ್ಲಿ ಮತ್ತೆ ಎರಡು ವಾರ ಉಳಿದಳು. ಮೂರನೆಯ ವಾರ ಮನೆಗೆ ಬೆಂಕಿ ಬಿದ್ದಿದ್ದ ಒಬ್ಬ ಹುಡುಗ ಬಂದ. ಬೆಂಕಿಯ ಮುಂದೆ ಸತ್ತ ಅಪ್ಪ ಏನೂ ಅಲ್ಲ, ಹುಡುಗಿಯನ್ನು ಕಳಿಸಿಬಿಟ್ಟರು. ಕಾಲೇಜಿಗೆ ವಾಪಸ್ ಹೋದಳು. ಅಜ್ಜಿಯ ಪಕ್ಕ ಒಂದು ದಿನ ಪೂರ್ತಿ ಕೂತು ತಪ್ಪಾಯಿತು ಎಂದು ಅತ್ತಳಂತೆ. ಮುತ್ತಮ್ಮ ತಲೆಗೆ ಎಣ್ಣೆ ಹಚ್ಚಿ, ಅಳಬೇಡ ಎಂದಷ್ಟೇ ಹೇಳಿದಳು. ಮೊಮ್ಮಗಳ ಮೇಲೆ ಅವಳಿಗೆ ಕೋಪವಿರಲಿಲ್ಲ. ಕೋಪವಿದ್ದದ್ದು ತನ್ನ ಕಣ್ಣಿನ ಮೇಲೆ.

ಜನ ಮಾತ್ರ ಅವಳನ್ನು ಬಿಡಲಿಲ್ಲ. ಎಲ್ಲೆಲ್ಲಿಂದಲೋ ಬಂದು ಪಕ್ಕದಲ್ಲಿ ನಿಂತು ಫೋಟೋ ಹಿಡಿದುಕೊಂಡರು. ನಾಗಮಂಗಲದ ಕಡೆಯ ಒಬ್ಬ ಭೂಪ, ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಬಂದು ವೇದಿಕೆಯ ಮೇಲೆ ಹತ್ತು ನಿಮಿಷ ಅಳಿ, ಶಾಲು ಹೊದಿಸುತ್ತೇವೆ ಎಂದ. ನಾನು ಅವನನ್ನು ಬೀದಿಯ ತನಕ ಬೈದುಕೊಂಡೇ ಬಿಟ್ಟುಬಂದೆ. ಆ ಮಳೆಗಾಲದಲ್ಲಿ ಕೊಪ್ಪಲಿನಲ್ಲಿ ಮೂರು ಸಾವಾದವು. ಮೂರಕ್ಕೂ ಮುತ್ತಮ್ಮನಿಗೆ ಹೇಳಿಕಳಿಸಿದರು. ಮೂರಕ್ಕೂ ಅವಳು ಹೋಗಲಿಲ್ಲ. ಯಾಕೆ ಎಂದು ನಾನು ಕೇಳಿದೆ.

"ನನ್ ಅಳು ಎಂಜಲಾಗ್ಬುಟ್ಟದೆ ಕಣಣ್ಣಯ್ಯ. ಊರೋರೆಲ್ಲ ಬಾಯಿ ಆಕಿರೋದ್ನ ಸತ್ತೋರ್ ಮುಂದೆ ಇಡಕ್ಕಾದದಾ?"

ಕಾರ್ತಿಕದಲ್ಲಿ ಹೊನ್ನಪ್ಪ ಸತ್ತ. ಮೂವತ್ತು ವರ್ಷ ನಮ್ಮ ನಾಲೆಯ ನೀರುಗಂಟಿಯಾಗಿದ್ದವನು; ಯಾರ ಗದ್ದೆಗೆ ಯಾವಾಗ ತೂಬು ಎತ್ತಬೇಕೆಂದು ಅವನು ಹೇಳಿದ್ದೇ ಮಾತು. ಚಿಕ್ಕಸಿದ್ದಯ್ಯ ಸತ್ತ ವರ್ಷ ಮುತ್ತಮ್ಮನ ಗದ್ದೆಗೆ ತಾನೇ ನೀರು ಕಟ್ಟಿ, ತಾನೇ ಉತ್ತು ಕೊಟ್ಟಿದ್ದ. ಒಡಹುಟ್ಟದಿದ್ದರೂ ಅಣ್ಣ. ಸಾಯುವ ಮುಂಚೆ ಮಾತು ನಿಲ್ಲುವ ಹೊತ್ತಿನಲ್ಲಿ, ಮುತ್ತಿ ಬಂದು ಅಳಬೇಕು ಎಂದಿದ್ದನಂತೆ. ಅವನ ಮಗ ಬಂದು ಬಾಗಿಲಲ್ಲಿ ನಿಂತು ಅಷ್ಟನ್ನೇ ಹೇಳಿದ. ಮುತ್ತಮ್ಮ ಆ ಬೆಳಿಗ್ಗೆ ಏನೂ ಉಣ್ಣದೆ ಎದ್ದು ಹೊರಟಳು.

ಅಂಗಳದಲ್ಲಿ ಚಪ್ಪರದ ಕೆಳಗೆ ಹೆಣ ಮಲಗಿಸಿದ್ದರು. ಮುತ್ತಮ್ಮ ಬಂದಳು ಎಂದು ಜನ ದಾರಿ ಬಿಟ್ಟರು. ಅವಳು ಕಾಲ ಬಳಿ ಕೂತು ಹೊನ್ನಪ್ಪನ ಮುಖ ನೋಡಿದಳು. ತುಟಿ ಬಿಚ್ಚುವಷ್ಟರಲ್ಲಿ ಸುತ್ತಲೂ ಫೋನುಗಳು ಎದ್ದವು. ಹತ್ತೋ ಹನ್ನೆರಡೋ ಇದ್ದಿರಬೇಕು. ಸತ್ತವನ ಸ್ವಂತ ಮೊಮ್ಮಗನದೂ ಒಂದಿತ್ತು. ಕುಳ್ಳಯ್ಯ ಎಲ್ಲರಿಗಿಂತ ಮುಂದೆ ಮಂಡಿಯೂರಿದ್ದ.

"ಮುತ್ತಕ್ಕ, ಒಸಿ ಇತ್ಲಾಗ್ ತಿರೀಕೊ," ಎಂದ.

ಮುತ್ತಮ್ಮ ಬಾಯಿ ಮುಚ್ಚಿದಳು. ಫೋನು ಹಿಡಿದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಒಬ್ಬನೂ ಕೈ ಇಳಿಸಲಿಲ್ಲ. ಇನ್ನೂ ಚೆನ್ನಾಗಿ ಕಾಣಲಿ ಎಂದು ಇಬ್ಬರು ಎತ್ತಿ ಹಿಡಿದರು. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಎದ್ದಳು, ಆದರೆ ಹೋಗಲಿಲ್ಲ. ಕಾಲ ಬಳಿಯಿಂದ ಸುತ್ತಿ ಬಂದು ಹೆಣದ ತಲೆಯ ಬಳಿ ಕೂತಳು. ಸೆರಗನ್ನು ಪೂರ್ತಿ ಬಿಡಿಸಿ, ತನ್ನ ತಲೆಯನ್ನೂ ಹೊನ್ನಪ್ಪನ ತಲೆಯನ್ನೂ ಸೇರಿಸಿ ಮುಚ್ಚಿದಳು. ಬಾಗಿ ಅವನ ಕಿವಿಯ ಹತ್ತಿರ ಬಾಯಿ ಇಟ್ಟಳು.

ಅರ್ಧ ಗಂಟೆಯ ಮೇಲೇ ಇದ್ದಿರಬೇಕು. ಸೆರಗಿನ ಕೆಳಗೆ ಬೆನ್ನು ಏರಿಳಿಯುವುದು ಕಾಣುತ್ತಿತ್ತು. ಒಮ್ಮೆ ಅವಳ ಕೈ ಹೊರಗೆ ಬಂದು ಸತ್ತವನ ಎದೆಗೆ ಮೆಲ್ಲಗೆ ಗುದ್ದಿತು. ಬೈಯುವ ಜಾಗ ಬಂದಿದೆ ಎಂದು ನನಗೆ ಗೊತ್ತಾಯಿತು. ನಾಲ್ಕು ಮಾರು ದೂರದಲ್ಲಿ ಕೂತಿದ್ದ ನನಗೂ ಒಂದು ಅಕ್ಷರ ಕೇಳಿಸಲಿಲ್ಲ. ಚಟ್ಟ ಹೊರುವವರು ಕಾದು ನಿಂತರು. ಫೋನು ಹಿಡಿದ ಕೈಗಳು ಸೋತು ಒಂದೊಂದೇ ಇಳಿದವು. ಒಬ್ಬ ಹೆಂಗಸು, ಮುದುಕಿಗೆ ಗಂಟಲು ಹೋಗಿದೆ ಎಂದಳು. ಮುತ್ತಮ್ಮ ಸೆರಗು ತೆಗೆದು, ಹೊನ್ನಪ್ಪನ ಕೂದಲು ಸರಿ ಮಾಡಿ, ಎತ್ತಿಕೊಳ್ಳಿ ಎಂದು ಹೇಳಿ ಸ್ನಾನಕ್ಕೆ ನಾಲೆಯ ಕಡೆ ನಡೆದಳು.

ಕುಳ್ಳಯ್ಯ ಬೇವಿನ ನೆರಳಿಗೆ ಹೋಗಿ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದ. ಕಾಗೆಯ ಕೂಗು, ಯಾರದೋ ಕೆಮ್ಮು. ಒಂದು ಸೊಲ್ಲೂ ಬಂದಿಲ್ಲವಲ್ಲ ಎಂದು ಗೊಣಗಿ, ನಾನು ನೋಡುತ್ತಿದ್ದಂತೆಯೇ ಅದನ್ನು ಅಳಿಸಿ ಹಾಕಿದ.